ತವರಿಗೆ ಬಂದ ಹಕ್ಕಿಗಳು

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಮ್ಮೆ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಹತ್ತಿರದ ಹಳ್ಳಿ ಅದು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ಪಕ್ಕದ ಹುಣಸೆಮರಗಳಲ್ಲಿ! ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಹೊರಡುತ್ತವೆ.

ಹುಣಸೆಹಣ್ಣು ಬಡಿಯುವ ಕಾಲವೂ ಅದೇ. ಕೋಲು ಹಾಕಿದರೆ ಮರಿಗಳ ಗತಿ? ಮರದ ಯಜಮಾನರೊಬ್ಬರನ್ನು ಕೇಳಿದೆ: “ವರ್ಷವರ್ಷವೂ ನಷ್ಟವಲ್ಲವೇ, ಯಜಮಾನರೇ?”

“ಬಾಣಂತನಕ್ಕೆ ತವರಿಗೆ ಬಂದ ಮಗಳ ಊಟಕ್ಕೆ ಯಾರಾದ್ರೂ ಲೆಕ್ಕ ಬರೀತಾರಾ ಸ್ವಾಮಿ?” ಅಂದರು.

ನಾನು ಸುಮ್ಮನಾದೆ. ಆದರೆ ಬಿ.ಕಾಂ. ಓದಿದ ತಲೆ ಸುಮ್ಮನಿರಲಿಲ್ಲ. ಹಕ್ಕಿ ನೋಡಿ ಸಂತೋಷಪಡುವವರು ನಾವೆಲ್ಲ; ಹುಣಸೆ ಬಿಟ್ಟುಕೊಡುವವರು ಅವರು ಮಾತ್ರ. ಹಿಕ್ಕೆ ಗೊಬ್ಬರವಾಗುತ್ತದೆ, ನಿಜ. ಆದರೂ ಜಮೆಗಿಂತ ಖರ್ಚೇ ಹೆಚ್ಚು. ಅದಕ್ಕೇ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಏರ್ಪಾಡು ಮಾಡಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರು ಮೀನು ತಿನ್ನಿಸಿ ಸಾಕಿದರು.

2007ರಲ್ಲಿ ಸರ್ಕಾರ ಈ ಊರನ್ನು ‘ಸಮುದಾಯ ಮೀಸಲು ಪ್ರದೇಶ’ ಎಂದು ಘೋಷಿಸಿತು. ಜನರನ್ನು ಎಬ್ಬಿಸಿ ಬೇಲಿ ಹಾಕುವ ಕ್ರಮವಲ್ಲ ಇದು. ಮನೆ, ಮರ ಊರಿನವರದೇ. ನೋಡಿಕೊಳ್ಳುವ ಸಮಿತಿಯಲ್ಲಿ ಇಲಾಖೆಯ ಜೊತೆ ಊರಿನವರೂ ಕೂರಬೇಕೆಂದು ಕಾನೂನೇ ಹೇಳುತ್ತದೆ. ನನಗಂತೂ ಇದು ಸರಿಯಾದ ಲೆಕ್ಕ: ಯಾರ ಮರವೋ ಅವರ ಮಾತಿಗೂ ಬೆಲೆ ಇರಬೇಕು.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಮಕ್ಕಳೇ, ಮರದ ಕೆಳಗೆ ಗಲಾಟೆ ಬೇಡ. ಮೇಲೆ ಬಾಣಂತಿಯರಿದ್ದಾರೆ!