ತಿರುಪಿನ ಉಳಿತಾಯ, ಯಂತ್ರದ ನಷ್ಟ

ಲಿಂಗನಮಕ್ಕಿ ಜಲಾಶಯದ ನೀರು ಮೂರು ಬಾರಿ ವಿದ್ಯುತ್ತನ್ನು ನೀಡುತ್ತದೆ. ಅಣೆಕಟ್ಟೆಯ 55 ಮೆಗಾವ್ಯಾಟ್ ವಿದ್ಯುದಾಗಾರದಲ್ಲಿ ಮೊದಲ ಬಾರಿ, ತಲಕಳಲೆಯ ಸಮತೋಲನ ಜಲಾಶಯದ ಮೂಲಕ ಸಾಗಿ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದಲ್ಲಿ ಎರಡನೆಯ ಬಾರಿ, ಘಟ್ಟದ ಕೆಳಗೆ ಗೇರುಸೊಪ್ಪೆಯ 240 ಮೆಗಾವ್ಯಾಟ್ ಘಟಕದಲ್ಲಿ ಮೂರನೆಯ ಬಾರಿ. ಇಂತಹ ಬೃಹತ್ ವ್ಯವಸ್ಥೆಯಲ್ಲಿಯೂ ಯಂತ್ರವನ್ನು ಆರಂಭಿಸುವ ಅಥವಾ ನಿಲ್ಲಿಸುವ ಆದೇಶವು ತಂತಿಗಳ ಮೂಲಕವೇ ಹೋಗಬೇಕು. ಯಂತ್ರದ ಸ್ಥಿತಿಯನ್ನು ತಿಳಿಸುವ ದೀಪಕ್ಕೂ ತಂತಿಯೇ ಆಧಾರ. ಆ ತಂತಿಗಳ ತುದಿಯನ್ನು ಹಿಡಿದಿಡುವುದು ಉಗುರಿಗಿಂತ ಚಿಕ್ಕದಾದ ಸ್ಕ್ರೂ ಟರ್ಮಿನಲ್, ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ ಒಂದು ತಿರುಪು.

ಲೆಕ್ಕ ಪರಿಶೋಧಕನಾದವನು ತಿರುಪಿನ ಬಗ್ಗೆ ಬರೆಯುವುದೇಕೆಂದು ಸದಸ್ಯ ಬಾಂಧವರು ಕೇಳಬಹುದು. ಈ ತಿರುಪಿನ ಗುಣಮಟ್ಟ ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅದು ನಮ್ಮ ಖರೀದಿಯ ಪದ್ಧತಿ, ದರ ನಿಗದಿ ಮತ್ತು ಹಣ ಪಾವತಿಯ ಶಿಸ್ತನ್ನು ನೇರವಾಗಿ ಅವಲಂಬಿಸಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ದೊಡ್ಡ ಘಟಕಗಳು ಕಲಿಸುವ ಪಾಠ

2016ರ ಫೆಬ್ರುವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಸಂಭವಿಸಿದ ಬೆಂಕಿ ಅವಘಡವನ್ನು ಈ ಭಾಗದವರು ಮರೆತಿರಲಾರರು. ಕೇಬಲ್‌ಗಳಿಗೆ ತಗುಲಿದ ಬೆಂಕಿಯಿಂದ ಇಡೀ ಕೇಂದ್ರದ ಉತ್ಪಾದನೆ ಸ್ಥಗಿತಗೊಂಡಿತು. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ಶ್ರೀಶೈಲಂ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ ಹೊತ್ತಿಕೊಂಡ ಬೆಂಕಿಗೆ 9 ಮಂದಿ ಬಲಿಯಾದರು. ಈ ಅವಘಡಗಳಿಗೆ ಯಾವುದೋ ತಿರುಪು ಕಾರಣವೆಂದು ನಾನು ಹೇಳುತ್ತಿಲ್ಲ. ಟರ್ಬೈನ್, ಜನರೇಟರ್‌ಗಳಂತಹ ಭಾರೀ ಯಂತ್ರಗಳ ಭವಿಷ್ಯವು ತಂತಿ, ಪ್ಯಾನೆಲ್, ಬ್ಯಾಟರಿಗಳಂತಹ ಉಪಾಂಗಗಳ ಕೈಯಲ್ಲಿದೆ ಎಂಬುದನ್ನು ಇವು ಸಾರಿ ಹೇಳುತ್ತವೆ.

ಶರಾವತಿಯ ಹತ್ತು ಘಟಕಗಳಲ್ಲಿ ಒಂದರ ಸಾಮರ್ಥ್ಯ 103.5 ಮೆಗಾವ್ಯಾಟ್. ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿರುವ ಅಂತಹ ಒಂದು ಘಟಕ ಒಂದು ಗಂಟೆ ನಿಂತರೆ 1,03,500 ಯೂನಿಟ್ ಉತ್ಪಾದನೆ ತಪ್ಪುತ್ತದೆ. ಯೂನಿಟ್ಟಿಗೆ ಕೇವಲ ಒಂದು ರೂಪಾಯಿಯಂತೆ ಲೆಕ್ಕ ಹಿಡಿದರೂ ಅದು ಲಕ್ಷ ರೂಪಾಯಿಯನ್ನು ಮೀರುತ್ತದೆ. ನೀರು ಜಲಾಶಯದಲ್ಲಿಯೇ ಉಳಿಯುವುದರಿಂದ ಅಷ್ಟೂ ನಷ್ಟವಲ್ಲ ಎಂಬ ವಾದ ನ್ಯಾಯವೇ. ಆದರೆ ಸಂಜೆಯ ಬೇಡಿಕೆಯ ಹೊತ್ತಿನಲ್ಲಿ ಕೈಕೊಟ್ಟ ಘಟಕವು ಮಧ್ಯರಾತ್ರಿ ಸರಿಹೋದರೆ ಅದರ ಬೆಲೆ ಒಂದೇ ಆಗಿರುವುದಿಲ್ಲ.

ದೀಪ ಆರಿದರೆ ಅರ್ಥವೇನು?

ವಿದ್ಯುದಾಗಾರ ಹಾಗೂ ಸಬ್‌ಸ್ಟೇಷನ್‌ಗಳ ಪ್ಯಾನೆಲ್‌ನಲ್ಲಿ ಕೆಂಪು ದೀಪವು ಬ್ರೇಕರ್ ಸೇರಿದೆಯೆಂದೂ ಹಸಿರು ದೀಪವು ಬ್ರೇಕರ್ ಬಿಟ್ಟಿದೆಯೆಂದೂ ಸೂಚಿಸುವುದು ನಮ್ಮಲ್ಲಿ ರೂಢಿ. ಅಪಾಯದ ವೇಳೆ ಬ್ರೇಕರನ್ನು ಬಿಡಿಸುವ ಸರ್ಕ್ಯೂಟ್ ಸುಸ್ಥಿತಿಯಲ್ಲಿದೆಯೇ ಎಂದು ತಿಳಿಸಲು ಪ್ರತ್ಯೇಕ ದೀಪವಿರುತ್ತದೆ. ಈ ದೀಪಗಳ ಹಿಂದಿನ ತಿರುಪು ಸಡಿಲವಾದರೆ ದೀಪ ಆರುತ್ತದೆ. ಆರಿರುವುದು ದೀಪವೋ, ತಂತಿಯೋ, ಯಂತ್ರವೋ ಎಂದು ನಿರ್ವಾಹಕನಿಗೆ ತಿಳಿಯದು. ಸುಳ್ಳು ಸುದ್ದಿ ಕೊಡುವ ದೀಪವು ದೀಪವೇ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೋಟಾರಿಗೆ ಹೋಗುವ ದಪ್ಪ ತಂತಿಯ ಟರ್ಮಿನಲ್ ಸಡಿಲವಾದರೆ ಅದು ಕಾಯುತ್ತದೆ, ಕಪ್ಪಾಗುತ್ತದೆ, ವಾಸನೆ ಬರುತ್ತದೆ. ದೋಷ ತಾನೇ ಕಣ್ಣಿಗೆ ಬೀಳುತ್ತದೆ. ಸ್ವಿಚ್ಚು ಹಾಗೂ ಸೂಚಕ ದೀಪಗಳ ಸರ್ಕ್ಯೂಟ್‌ನಲ್ಲಿ ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅಲ್ಲಿ ಹೀಗೆ ಕಾಯುವುದು ವಿರಳ. ಯಂತ್ರದ ಕಂಪನಕ್ಕೆ ತಂತಿ ಕ್ಷಣಕಾಲ ಬಿಟ್ಟು ಮತ್ತೆ ಕೂಡುತ್ತದೆ. ಕಾಂಟ್ಯಾಕ್ಟರ್ ಪಟಪಟನೆ ಬಡಿದುಕೊಂಡು ತನ್ನ ಸಂಪರ್ಕ ಬಿಂದುಗಳನ್ನು ಸುಟ್ಟುಕೊಳ್ಳುತ್ತದೆ, ಇಲ್ಲವೇ ಯಂತ್ರ ಕಾರಣವಿಲ್ಲದೆ ನಿಲ್ಲುತ್ತದೆ. ರಿಪೇರಿಯವನು ಕಾಂಟ್ಯಾಕ್ಟರ್ ಬದಲಾಯಿಸುತ್ತಾನೆ, ರಿಲೇ ಬದಲಾಯಿಸುತ್ತಾನೆ. ಮೂಲ ದೋಷ ಇದ್ದಲ್ಲಿಯೇ ಇರುತ್ತದೆ.

ಮಲೆನಾಡಿನ ಮಳೆಗಾಲ ಈ ಸಮಸ್ಯೆಯನ್ನು ಇಮ್ಮಡಿಗೊಳಿಸುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇವವಿರುತ್ತದೆ. ತೆಳುವಾಗಿ ಸತುವಿನ ಲೇಪ ಮಾಡಿದ ಕಬ್ಬಿಣದ ತಿರುಪಿಗೆ ತುಕ್ಕು ಹಿಡಿಯುತ್ತದೆ, ತಾಮ್ರದ ಎಳೆಗಳು ಕಪ್ಪಾಗುತ್ತವೆ. ಅಕ್ಕಿ ಗಿರಣಿಯ ತೌಡು, ಮರದ ಮಿಲ್ಲಿನ ಹೊಟ್ಟು, ಅಡಿಕೆ ಸುಲಿಯುವ ಯಂತ್ರದ ನಾರಿನ ಧೂಳು ಪ್ಯಾನೆಲ್‌ನೊಳಗೆ ಸೇರಿ ತೇವವನ್ನು ಹಿಡಿದಿಡುತ್ತವೆ. ಈ ಬಗೆಯ ಉದ್ದಿಮೆಗಳ ಲೆಕ್ಕ ನೋಡುವಾಗ ದುರಸ್ತಿ ವೆಚ್ಚದ ಖಾತೆಯಲ್ಲಿ ಮಳೆಗಾಲದ ತಿಂಗಳುಗಳ ಸಣ್ಣಪುಟ್ಟ ಎಲೆಕ್ಟ್ರಿಕಲ್ ವೋಚರುಗಳು ಒಂದರ ಹಿಂದೊಂದು ಬರುವುದನ್ನು ನಾನು ಕಂಡಿದ್ದೇನೆ. ಒಂದೊಂದೂ ಸಣ್ಣ ಮೊತ್ತವಾದ್ದರಿಂದ ಮಾಲೀಕರ ಗಮನಕ್ಕೆ ಬರುವುದಿಲ್ಲ.

ಉತ್ತಮ ಟರ್ಮಿನಲ್‌ನ ಲಕ್ಷಣಗಳು

ಇದಕ್ಕೆ ಪರಿಹಾರವಿಲ್ಲವೆಂದೇನೂ ಅಲ್ಲ. ನಿಯಂತ್ರಣ ಸ್ವಿಚ್ಚುಗಳಿಗೆ ಐಎಸ್/ಐಇಸಿ 60947ರ ಭಾಗ 5-1, ಟರ್ಮಿನಲ್ ಬ್ಲಾಕುಗಳಿಗೆ ಭಾಗ 7-1 ಎಂಬ ಮಾನಕಗಳಿವೆ. ಅವುಗಳ ಆಶಯವನ್ನು ಸರಳವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ತಿರುಪಿನ ತುದಿ ನೇರವಾಗಿ ತಂತಿಯ ಎಳೆಗಳ ಮೇಲೆ ತಿರುಗಬಾರದು. ತಿರುಗಿದರೆ ಎಳೆಗಳು ಕತ್ತರಿಸುತ್ತವೆ. ತಿರುಪಿನ ಕೆಳಗೆ ಒತ್ತುಪಟ್ಟಿಯಿದ್ದು, ತಿರುಪು ಸಡಿಲಿಸಿದಾಗ ಆ ಪಟ್ಟಿಯೂ ತಾನಾಗಿ ಮೇಲೇಳಬೇಕು. ಎರಡನೆಯದಾಗಿ, ತಿರುಪು ಪೂರ್ತಿ ಬಿಚ್ಚಿದರೂ ಕೆಳಗೆ ಬೀಳಬಾರದು. ಪ್ಯಾನೆಲ್‌ನೊಳಗೆ ಬಿದ್ದ ಒಂದು ತಿರುಪು ಎರಡು ಫೇಸ್‌ಗಳ ನಡುವೆ ಸಿಲುಕಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಮೂರನೆಯದಾಗಿ, ವಿದ್ಯುತ್ತಿರುವ ಲೋಹಕ್ಕೆ ಬೆರಳು ತಗುಲದಂತೆ ಮರೆ ಇರಬೇಕು. ನಾಲ್ಕನೆಯದಾಗಿ, ಒಂದೇ ಟರ್ಮಿನಲ್‌ಗೆ ಎರಡು ತಂತಿ ಸೇರಿಸುವುದು ನಮ್ಮಲ್ಲಿ ಸಾಮಾನ್ಯ; ಎರಡನ್ನೂ ಸಮನಾಗಿ ಒತ್ತಿ ಹಿಡಿಯುವಂತೆ ಅದರ ವಿನ್ಯಾಸವಿರಬೇಕು.

ಐದನೆಯದು ಗುರುತಿನ ಸಂಖ್ಯೆ. ಒತ್ತಿದಾಗ ಕೂಡುವ ಸಂಪರ್ಕಕ್ಕೆ 13–14, ಒತ್ತಿದಾಗ ಬಿಡುವ ಸಂಪರ್ಕಕ್ಕೆ 21–22, ಕಾಂಟ್ಯಾಕ್ಟರ್ ಕಾಯಿಲ್‌ಗೆ ಎ1–ಎ2, ದೀಪಕ್ಕೆ ಎಕ್ಸ್1–ಎಕ್ಸ್2 ಎಂಬ ಗುರುತುಗಳು ಲೋಕಮಾನ್ಯವಾದವು. ಪೀಣ್ಯದಲ್ಲಿ ತಯಾರಾದ ಪ್ಯಾನೆಲನ್ನು ಹೊಸನಗರದ ಎಲೆಕ್ಟ್ರಿಷಿಯನ್ ನಕ್ಷೆಯಿಲ್ಲದೆಯೂ ಓದಬಲ್ಲನೆಂದರೆ ಅದು ಈ ಅಂಕೆಗಳ ಕೊಡುಗೆ. ಅಚ್ಚಿನ ಖರ್ಚು ಉಳಿಸಲೆಂದು ಅಂಕೆಯನ್ನೇ ಬಿಟ್ಟ ಮಾಲು ನಮ್ಮ ಮಾರುಕಟ್ಟೆಯಲ್ಲಿ ಇಂದಿಗೂ ದೊರೆಯುತ್ತದೆ.

ತಯಾರಿಕೆಯಷ್ಟೇ ಜೋಡಣೆಯೂ ಮುಖ್ಯ. 3.5 ಮಿ.ಮೀ. ವ್ಯಾಸದ ತಿರುಪಿಗೆ ಮಾನಕವು ಸಾಮಾನ್ಯವಾಗಿ ಹೇಳುವ ಬಿಗಿತ 0.8 ನ್ಯೂಟನ್ ಮೀಟರ್. ಕೈಬಲವಿದ್ದಷ್ಟೂ ತಿರುಗಿಸಿದರೆ ಹಿತ್ತಾಳೆಯ ಮರೆ ಹೋಗುತ್ತದೆ, ಅರ್ಧಕ್ಕೆ ಬಿಟ್ಟರೆ ತಂತಿ ಜಾರುತ್ತದೆ. ಎಳೆ ತಂತಿಯ ತುದಿಗೆ ಬೆಸುಗೆ ಸೀಸ ಹಾಕಿ ಗಟ್ಟಿಮಾಡಿ ತಿರುಪಿನಡಿ ಇಡುವ ಅಭ್ಯಾಸ ಹಲವರಲ್ಲಿದೆ. ನೋಡಲು ಅಚ್ಚುಕಟ್ಟು, ಆದರೆ ಸೀಸ ಒತ್ತಡಕ್ಕೆ ನಿಧಾನವಾಗಿ ಹರಿದು ಕೆಲವೇ ತಿಂಗಳಲ್ಲಿ ಹಿಡಿತ ಸಡಿಲವಾಗುತ್ತದೆ. ಅದರ ಬದಲು ತುದಿಗೆ ಲಗ್ ಅಥವಾ ಫೆರುಲ್ ಹಾಕಿ ಸರಿಯಾದ ಇಕ್ಕಳದಿಂದ ಒತ್ತುವುದೇ ಯೋಗ್ಯ ಕ್ರಮ.

ತಿರುಪಿನ ಕಾಲ ಮುಗಿಯಿತು, ಸ್ಪ್ರಿಂಗ್ ಟರ್ಮಿನಲ್ ಬಳಸಿ ಎನ್ನುವವರಿದ್ದಾರೆ. ಜರ್ಮನಿಯ ವಾಗೋ ಸಂಸ್ಥೆ 1977ರಲ್ಲಿ ಮಾರುಕಟ್ಟೆಗೆ ತಂದ ಸ್ಪ್ರಿಂಗ್ ಹಿಡಿತದ ವಿಧಾನ ಕಂಪನವಿರುವ ಕಡೆ ನಿಜಕ್ಕೂ ಶ್ರೇಷ್ಠ. ಹೊಸದಾಗಿ ದೊಡ್ಡ ಪ್ಯಾನೆಲ್ ಮಾಡಿಸುವವರು ಅದನ್ನು ಪರಿಶೀಲಿಸಲಿ. ಆದರೆ ಮಳೆಯ ರಾತ್ರಿಯಲ್ಲಿ ನಿಂತ ಯಂತ್ರದ ಬಳಿಗೆ ಬರುವ ಊರಿನ ಎಲೆಕ್ಟ್ರಿಷಿಯನ್‌ನ ಕೈಯಲ್ಲಿರುವುದು ಸ್ಕ್ರೂಡ್ರೈವರ್ ಮತ್ತು ಟೆಸ್ಟರ್. ಅವನು ಸರಿಪಡಿಸಬಲ್ಲ ವಸ್ತುವೇ ನಮಗೆ ಸದ್ಯ ಹಿತ.

ಲೆಕ್ಕದ ಮಾತು

ಒಂದು ಸಾಧಾರಣ ಪ್ಯಾನೆಲ್ ಎಂದಿಟ್ಟುಕೊಳ್ಳೋಣ. ಹತ್ತು ಪುಶ್ ಬಟನ್, ಒಂದೊಂದಕ್ಕೆ ನಾಲ್ಕರಂತೆ 40 ತಿರುಪು. ಹತ್ತು ದೀಪ, ಎರಡರಂತೆ 20. ನಲವತ್ತು ದಾರಿಯ ಟರ್ಮಿನಲ್ ಪಟ್ಟಿಯಲ್ಲಿ 80. ಒಟ್ಟು 140. ಕೀಳು ಮಾಲಿನಿಂದ ತಿರುಪೊಂದಕ್ಕೆ ಮೂರು ರೂಪಾಯಿ ಉಳಿಯಿತೆಂದರೂ ಒಟ್ಟು ಉಳಿತಾಯ 420 ರೂಪಾಯಿ. ಅಡಿಕೆ ಸುಗ್ಗಿಯಲ್ಲಿ ಆರು ಮಂದಿ ಆಳುಗಳಿಗೆ ತಲಾ 600 ರೂಪಾಯಿ ಕೂಲಿ ಎಂದುಕೊಂಡರೆ, ಯಂತ್ರ ಒಂದು ದಿನ ನಿಂತಾಗ ಕೂಲಿಯೊಂದೇ 3,600 ರೂಪಾಯಿ. ಉಳಿತಾಯದ ಎಂಟು ಪಟ್ಟಿಗೂ ಮಿಗಿಲು. ರಿಪೇರಿ ಖರ್ಚು, ಮಾತಿಗೆ ತಪ್ಪಿದ ಸರಬರಾಜು, ಗ್ರಾಹಕನ ಅಸಮಾಧಾನ ಬೇರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಹಾಗಿದ್ದರೂ ಕೀಳು ಮಾಲು ಮಾರಾಟವಾಗುವುದೇಕೆ? ಖರೀದಿಯ ಉಳಿತಾಯ ಬಿಲ್ಲಿನಲ್ಲಿ ಇಂದೇ ಕಾಣುತ್ತದೆ, ನಷ್ಟವು ಮುಂದಿನ ವರ್ಷದ ದುರಸ್ತಿ ಖಾತೆಯಲ್ಲಿ ಚದುರಿ ಹೋಗುತ್ತದೆ. ಪ್ಯಾನೆಲ್ ತಯಾರಕನಿಗೆ ಖರೀದಿದಾರನು ಕೊಡುವ ವಿವರಣೆಯಲ್ಲಿ ಮೋಟಾರಿನ ಅಶ್ವಶಕ್ತಿ ಇರುತ್ತದೆ, ಟರ್ಮಿನಲ್‌ನ ಹೆಸರಿರುವುದಿಲ್ಲ. ಸರ್ಕಾರಿ ಟೆಂಡರುಗಳಲ್ಲಿಯೂ ಅತಿ ಕಡಿಮೆ ದರವೇ ನಿರ್ಣಾಯಕವೆಂಬ ಭಾವನೆ ಬೇರೂರಿದೆ. ಟೆಂಡರ್ ದಾಖಲೆಯಲ್ಲಿಯೇ ಗುಣಮಟ್ಟವನ್ನು ಸ್ಪಷ್ಟವಾಗಿ ನಮೂದಿಸಿದರೆ ಆ ಗುಣಮಟ್ಟದೊಳಗಿನ ಕಡಿಮೆ ದರ ಮಾತ್ರ ಸ್ಪರ್ಧೆಗೆ ಬರುತ್ತದೆ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ.

ಮತ್ತೊಂದು ಕಾರಣವನ್ನು ವರ್ತಕರು ಬೇಸರಿಸದೆ ಕೇಳಬೇಕು. ಸಣ್ಣ ತಯಾರಕನಿಗೆ ಸಲ್ಲಬೇಕಾದ ಹಣವನ್ನು ನಾವು ನಾಲ್ಕು ತಿಂಗಳು ತಡೆಹಿಡಿದರೆ ಅವನು ಬಡ್ಡಿಯನ್ನು ಎಲ್ಲಿಂದ ಹೊಂದಿಸಬೇಕು? ತಿರುಪಿನಿಂದಲೇ ಹೊಂದಿಸುತ್ತಾನೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯ ಮೂಲಕ ಬಂದ ತಿದ್ದುಪಡಿಯಂತೆ, ಅವಧಿ ಮೀರಿ ಬಾಕಿ ಉಳಿಸಿದ ಮೊತ್ತವು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕಕ್ಕೆ ಖರ್ಚೆಂದು ಸಲ್ಲುತ್ತದೆ. ತೆರಿಗೆಯ ಭಯಕ್ಕಾದರೂ ಸಕಾಲದಲ್ಲಿ ಹಣ ಕೊಟ್ಟರೆ, ಒಳ್ಳೆಯ ಮಾಲನ್ನು ಕೇಳುವ ನೈತಿಕ ಹಕ್ಕು ನಮ್ಮದಾಗುತ್ತದೆ.

ಆಗಬೇಕಾದ್ದೇನು?

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸದೇನಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ಸ್ ದೀಪ ತಯಾರಿಸಿತು. 1956ರಲ್ಲಿ ಜರ್ಮನಿಯ ಎಇಜಿ ಸಹಯೋಗದೊಂದಿಗೆ ಆರಂಭವಾದ ಎನ್‌ಜಿಇಎಫ್ ಸ್ವಿಚ್‌ಗೇರ್, ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸಿತು. ಆ ಕಾರ್ಖಾನೆಗಳು ಮುಚ್ಚಿಹೋದವು, ಹಿತ್ತಾಳೆಯ ಬಿಡಿಭಾಗಗಳಿಗೆ ಇಂದು ಗುಜರಾತಿನ ಜಾಮ್‌ನಗರ ಹೆಸರುವಾಸಿಯಾಗಿದೆ. ಎರಕದ ಕೆಲಸದಲ್ಲಿ ನುರಿತ ಶಿವಮೊಗ್ಗ ಜಿಲ್ಲೆಯ ಯುವ ಉದ್ಯಮಿಗಳು, ತೇವ ಮತ್ತು ಧೂಳನ್ನು ತಡೆಯಬಲ್ಲ ಟರ್ಮಿನಲ್ ಹಾಗೂ ಪ್ಯಾನೆಲ್ ತಯಾರಿಕೆಯತ್ತ ಏಕೆ ಗಮನ ಹರಿಸಬಾರದು? ಮಲೆನಾಡಿನ ಮಳೆಯಲ್ಲಿ ಬಾಳುವ ಮಾಲು ದೇಶದ ಯಾವ ಮೂಲೆಯಲ್ಲಾದರೂ ಬಾಳುತ್ತದೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಖರೀದಿದಾರರು ತಮ್ಮ ಆರ್ಡರ್ ಪತ್ರದಲ್ಲಿ ಟರ್ಮಿನಲ್‌ನ ಮಾನಕ, ತಂತಿಯ ಗಾತ್ರ, ಫೆರುಲ್ ಬಳಕೆ, ಗುರುತಿನ ಸಂಖ್ಯೆ ಎಂಬ ನಾಲ್ಕು ಅಂಶಗಳನ್ನು ಒಂದು ಸಾಲಿನಲ್ಲಿ ಬರೆಯಲಿ. ಅಂಗಡಿಕಾರರು ಬಿಲ್ಲಿನಲ್ಲಿ ತಯಾರಕರ ಹೆಸರು, ಮಾದರಿಯನ್ನು ನಮೂದಿಸಲಿ. ಕಾರ್ಖಾನೆಗಳು ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ವಿದ್ಯುತ್ ಸಂಪರ್ಕ ತಪ್ಪಿಸಿ ಪ್ಯಾನೆಲ್ ಸ್ವಚ್ಛಗೊಳಿಸಿ ತಿರುಪುಗಳ ಬಿಗಿತವನ್ನು ಪರೀಕ್ಷಿಸಲಿ. ಆ ದಿನಾಂಕವನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಲಿ. ನಮ್ಮ ಸಂಘವು ಐಟಿಐಗಳ ಸಹಕಾರದಿಂದ ಸ್ಥಳೀಯ ಎಲೆಕ್ಟ್ರಿಷಿಯನ್‌ಗಳಿಗೆ ಒಂದು ದಿನದ ತರಬೇತಿ ಏರ್ಪಡಿಸಿ, ಬಿಗಿತ ಅಳೆಯುವ ಸ್ಕ್ರೂಡ್ರೈವರ್‌ಗಳನ್ನು ಸದಸ್ಯರಿಗೆ ಎರವಲು ಕೊಡುವ ವ್ಯವಸ್ಥೆ ಮಾಡಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಇವು ಕಾರ್ಯರೂಪಕ್ಕೆ ಬರಲೆಂದು ಆಶಿಸುತ್ತೇನೆ.