ದ್ರಾಕ್ಷಿ ಅಕ್ಕಿ ಡಬ್ಬಿಯಲ್ಲಿ ಹಣ್ಣಾಗಲ್ಲ

ಫೆಬ್ರವರಿಯಲ್ಲಿ ಆ್ಯಪ್‌ನಲ್ಲಿ ಒಂದು ಕೆಜಿ ಹಸಿರು ದ್ರಾಕ್ಷಿ ತರಿಸಿದೆ. ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನೋ ಹುಳಿ. ಮಾವಿನಕಾಯಿಗೆ ಮಾಡೋ ಹಾಗೆ ಅಕ್ಕಿ ಡಬ್ಬಿಯಲ್ಲಿಟ್ಟು, ಜೊತೆಗೊಂದು ಬಾಳೆಹಣ್ಣನ್ನೂ ಹಾಕಿ ಮುಚ್ಚಿದೆ. ಮೂರು ದಿನ ಬಿಟ್ಟು ನೋಡಿದರೆ ತೊಟ್ಟು ಒಣಗಿ, ಹಣ್ಣು ಸುಕ್ಕಾಗಿತ್ತು. ಹುಳಿ ಮಾತ್ರ ಹಾಗೇ ಇತ್ತು.

ತಿಕೋಟಾ ಹತ್ತಿರ ತೋಟ ಮಾಡಿರೋ ನಮ್ಮ ಕಾಕಾಗೆ ಫೋನ್ ಮಾಡಿದೆ. "ಬಳ್ಳಿಯಿಂದ ಕಡದ ಮ್ಯಾಲೆ ದ್ರಾಕ್ಷಿ ಹಣ್ಣಾಗೂದಿಲ್ಲವಾ. ಇಷ್ಟು ಓದೀದಿ, ಇದು ಗೊತ್ತಿಲ್ಲೇನು?" ಅಂತ ನಕ್ಕರು.

ಗೊತ್ತಿರಲಿಲ್ಲ. ಕೂತು ಓದಿದೆ. ಮಾವು, ಬಾಳೆ ತಮ್ಮೊಳಗೆ ಪಿಷ್ಟ ಕೂಡಿಟ್ಟುಕೊಂಡಿರುತ್ತವೆ. ಕಿತ್ತ ಮೇಲೂ ಎಥಿಲೀನ್ ಅನಿಲ ಬಿಡುತ್ತಾ ಅದನ್ನೇ ಸಕ್ಕರೆ ಮಾಡಿಕೊಳ್ಳುತ್ತವೆ. ದ್ರಾಕ್ಷಿಗೆ ಆ ಉಳಿತಾಯ ಖಾತೆಯೇ ಇಲ್ಲ. ಸಕ್ಕರೆ ದಿನದಿನವೂ ಎಲೆಯಿಂದಲೇ ಬರಬೇಕು. ಕಾಯಿ ಎಳೆಯದಿದ್ದಾಗ ಆಕ್ಸಿನ್ ಅನ್ನೋ ಹಾರ್ಮೋನು ಹಣ್ಣಾಗೋದನ್ನ ತಡೆದು ಹಿಡಿದಿರುತ್ತೆ. ಅದು ಇಳಿದು ಅಬ್ಸಿಸಿಕ್ ಆಮ್ಲ ಏರಿದಾಗ ಒಂದಷ್ಟು ಜೀನ್‌ಗಳು ಎಚ್ಚರಗೊಳ್ಳುತ್ತವೆ: ಕಾಯಿ ಮೆತ್ತಗಾಗುತ್ತೆ, ಹುಳಿ ಇಳಿಯುತ್ತೆ, ಸಕ್ಕರೆ ತುಂಬುತ್ತೆ. (ನೀರು ಕಮ್ಮಿಯಾದಾಗ ಎಲೆಯ ರಂಧ್ರ ಮುಚ್ಚಿಸೋದೂ ಇದೇ ಆಮ್ಲ!) ಕಪ್ಪು ದ್ರಾಕ್ಷಿಯಾದರೆ ಬಣ್ಣವೂ ಆಗಲೇ ಏರೋದು. ಹಸಿರು ತಳಿಗಳಲ್ಲಿ ಬಣ್ಣದ ಜೀನ್‌ಗೆ ಡಿಎನ್‌ಎ ತುಣುಕೊಂದು ಅಡ್ಡ ಬಂದು ಕೂತಿದೆ. ಹಾಗಾಗಿ ನನ್ನಂಥವರಿಗೆ ನೋಡಿ ಗೊತ್ತಾಗೋದು ಕಷ್ಟ.

ಕಾಕಾ ಬ್ರಿಕ್ಸ್ ಮೀಟರಿಗೆ ಒಂದು ಹನಿ ರಸ ಹಾಕಿ ನೋಡ್ತಾರೆ. 18 ಬರದೆ ಕತ್ತರಿ ಮುಟ್ಟಲ್ಲ. ಆ ವಾರ 15 ತೋರಿಸುತ್ತಿತ್ತು. ವ್ಯಾಪಾರಿ ಮಾತ್ರ "ಮುಂದ ರೇಟ್ ಬೀಳ್ತದ, ಈಗ ಕಡೀರಿ" ಅಂತ ದಿನಾ ಬಂದು ಕೂರುತ್ತಿದ್ದ. ಮೇಲೆ ಮೋಡ ಬೇರೆ. ಹಣ್ಣಾಗೋ ಹೊತ್ತಲ್ಲಿ ಮಳೆ ಬಿದ್ದರೆ ಸಿಪ್ಪೆ ಸೀಳಿ ಗೊನೆ ಕೊಳೆಯುತ್ತೆ. ಅಕ್ಟೋಬರ್ ಚಾಟ್ನಿಯಿಂದ ಹಾಕಿದ ದುಡ್ಡು, ಔಷಧಿ ಅಂಗಡಿಯ ಸಾಲ, ಎಲ್ಲಾ ಆ ಗೊನೆಗಳಲ್ಲೇ ತೂಗುತ್ತಿತ್ತು. ಇನ್ನು ಹತ್ತು ದಿನ ಕಾಯಿರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಹುಳಿ ದ್ರಾಕ್ಷಿಗೆ ಒಂದು ಸ್ಟಾರ್ ಕೊಟ್ಟು ಬೈದು ಬರೆದಿದ್ದೆ. ಅದನ್ನ ಮೆತ್ತಗೆ ಅಳಿಸಿದೆ.

ಕಾಕಾ ಅರ್ಧ ತೋಟ ಕೊಯ್ಸಿದರು, ಅರ್ಧ ಬಿಟ್ಟರು. ಒಂದು ರಾತ್ರಿ ಸಣ್ಣ ಮಳೆ ಬಂತಂತೆ. ಮಾರ್ಚ್ ಮೊದಲ ವಾರ ಬಸ್ಸಿನಲ್ಲಿ ನನಗೊಂದು ಬಾಕ್ಸ್ ಬಂತು. ಅಲ್ಲಲ್ಲಿ ಸೀಳಿದ ಹಣ್ಣು ಆರಿಸಿ ತೆಗೆದೆ. ಉಳಿದದ್ದು ಜೇನು. ಫೋನ್ ಮಾಡಿದರೆ ಕಾಕಾ ಕೇಳಿದ್ದು ಒಂದೇ: "ಅಕ್ಕಿ ಡಬ್ಬ್ಯಾಗ ಇಟ್ಟಿಲ್ಲ ಹೌದಲ್ಲೊ?"