ಒಂದೇ ಚಿಪ್‌ನಲ್ಲಿ ಬೆಳಕು ಮತ್ತು ವಿದ್ಯುತ್: ಸಾರ್ವಜನಿಕರ ಮಾಹಿತಿಗಾಗಿ

ಕಂಕನಾಡಿಯ ನಾಗರಿಕರು ಆನ್‌ಲೈನ್ ಮೂಲಕ ಸಲ್ಲಿಸುವ ಅರ್ಜಿಯು ಬಹುಪಾಲು ದೂರವನ್ನು ಆಪ್ಟಿಕಲ್ ಫೈಬರ್ ಎಳೆಯಲ್ಲಿ ಬೆಳಕಿನ ರೂಪದಲ್ಲಿಯೇ ಕ್ರಮಿಸುತ್ತದೆ. ದತ್ತಾಂಶ ಕೇಂದ್ರವನ್ನು ತಲುಪಿದ ಬಳಿಕ ಅದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸಬೇಕಾಗುತ್ತದೆ. ಅಲ್ಲಿಂದ ಚಿಪ್‌ವರೆಗಿನ ತಾಮ್ರದ ಹಾದಿಯಲ್ಲಿ ವಿದ್ಯುತ್ ವ್ಯಯವೂ ಶಾಖವೂ ಅಧಿಕ. ಪರಿವರ್ತನೆಯ ಅಂಗಗಳನ್ನು ಚಿಪ್‌ನಲ್ಲಿಯೇ ಅಳವಡಿಸುವ ತಂತ್ರಜ್ಞಾನವೇ ಸಿಲಿಕಾನ್ ಫೋಟಾನಿಕ್ಸ್. ಸಿಲಿಕಾನ್ ಬೆಳಕನ್ನು ಸಾಗಿಸಬಲ್ಲದು, ಆದರೆ ಸಮರ್ಪಕವಾಗಿ ಹೊಮ್ಮಿಸಲಾರದು. 2015ರಲ್ಲಿ ಅಮೆರಿಕದ ಸಂಶೋಧಕರು 7 ಕೋಟಿ ಟ್ರಾನ್ಸಿಸ್ಟರ್‌ಗಳನ್ನೂ 850 ಬೆಳಕಿನ ಘಟಕಗಳನ್ನೂ ಒಂದೇ ಚಿಪ್‌ನಲ್ಲಿ ಸೇರಿಸಿದಾಗಲೂ ಲೇಸರ್ ಹೊರಗೇ ಉಳಿದಿತ್ತು. (ಅರ್ಜಿ ವಿಲೇವಾರಿಯ ವಿಳಂಬಕ್ಕೆ ಚಿಪ್ ಕಾರಣವಲ್ಲ, ದಾಖಲೆ ಪರಿಶೀಲನೆಯನ್ನು ಸಿಬ್ಬಂದಿಯೇ ನಡೆಸಬೇಕಾಗಿರುತ್ತದೆ.)

ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ ಅನುಮೋದಿಸಿದ 76,000 ಕೋಟಿ ರೂ.ಗಳ ಸೆಮಿಕಂಡಕ್ಟರ್ ಕಾರ್ಯಕ್ರಮದಲ್ಲಿ ಸಿಲಿಕಾನ್ ಫೋಟಾನಿಕ್ಸ್ ಘಟಕಗಳಿಗೂ ನೆರವು ಸೇರಿದೆ. ಸದರಿ ನೆರವನ್ನು 2022ರಲ್ಲಿ ಬಂಡವಾಳ ವೆಚ್ಚದ ಶೇ. 30ರಿಂದ ಶೇ. 50ಕ್ಕೆ ಹೆಚ್ಚಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕುರಿತು ಸಂಶೋಧನೆ ನಡೆದಿದೆ. ಆದಾಗ್ಯೂ 2025ರ ಆಗಸ್ಟ್‌ವರೆಗೆ ಅನುಮೋದನೆಗೊಂಡ 10 ತಯಾರಿಕಾ ಯೋಜನೆಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಚಿಪ್ ವಿನ್ಯಾಸದಲ್ಲಿ ಮುಂದಿರುವ ರಾಜ್ಯಕ್ಕೆ ಇದು ಸಣ್ಣ ಕೊರತೆಯಲ್ಲ. ಸುರತ್ಕಲ್‌ನ ಎನ್‌ಐಟಿಕೆಯಿಂದ ಹೊರಬರುವ ಪದವೀಧರರು ಈ ಯೋಜನೆಗಳಲ್ಲಿ ಉದ್ಯೋಗ ಬಯಸಿದಲ್ಲಿ ಗುಜರಾತ್, ಅಸ್ಸಾಂ ಮುಂತಾದ ರಾಜ್ಯಗಳತ್ತ ಹೋಗಬೇಕಾಗುತ್ತದೆ.